ನಿವೃತ್ತಸೈನಿಕ ಸಂಬೋಧನ ಮೀಮಾಂಸೆ

ಸೈನ್ಯದ ಸೇವೆ ಮುಗಿಸಿ ಮನೆಗೆ ಬಂದವರನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆಯು ನೋಡುವುದಕ್ಕೆ ಸಣ್ಣದು. ಆದರೆ ಅದರೊಳಗೆ ವ್ಯಾಕರಣ, ವೇದಾಂತ, ಸಂವಿಧಾನ ಮತ್ತು ಮಿಲಿಟರಿ ಕ್ಯಾಂಟೀನು ಎಂಬ ನಾಲ್ಕು ಜ್ಞಾನಶಾಖೆಗಳು ಒಂದರ ಕಾಲನ್ನೊಂದು ತುಳಿಯುತ್ತಿರುವುದರಿಂದ, ಅದನ್ನೊಂದು ಪ್ರತ್ಯೇಕ ಶಾಸ್ತ್ರವೆಂದು ಪರಿಗಣಿಸಿ ‘ನಿವೃತ್ತಸಂಬೋಧನಶಾಸ್ತ್ರ’ವೆಂದು ಹೆಸರಿಡುವುದು ಉಚಿತವಾಗಿದೆ. ‘ಸಂಬೋಧನ’ವೆಂದರೆ ಎದುರಿಗೆ ಬಂದವರನ್ನು ಕರೆಯುವುದು, ‘ನಿವೃತ್ತ’ನೆಂದರೆ, ವೇದಾಂತಿಗಳ ಪ್ರಕಾರ, ಲೌಕಿಕ ವ್ಯವಹಾರಗಳಿಂದ ಮನಸ್ಸನ್ನು ಹಿಂದಕ್ಕೆ ತಿರುಗಿಸಿಕೊಂಡವನು. ಬೆಳಗಿನ ಐದಕ್ಕೇ ಬಡಾವಣೆಯ ಉದ್ಯಾನದ ಬಾಗಿಲಲ್ಲಿ ನಿಂತು, ನಾಯಿ ಹಿಡಿದು ಬಂದವರನ್ನೂ ಹೂವು ಕೀಳಲು ಬಂದವರನ್ನೂ ಸಾಲಾಗಿ ವಿಚಾರಿಸಿಕೊಳ್ಳುವ ಕರ್ನಲ್ಲರಿಗೆ ಈ ಲಕ್ಷಣವು ಹೇಗೆ ಅನ್ವಯಿಸುತ್ತದೆಂಬುದನ್ನು ಯಾವ ಭಾಷ್ಯಕಾರರೂ ವಿವರಿಸಿಲ್ಲ.

ಈ ಶಾಸ್ತ್ರಕ್ಕೆ ಮೂಲಪ್ರಮಾಣವು ಭಾರತ ಸಂವಿಧಾನದ 18ನೆಯ ವಿಧಿ. ರಾವ್ ಬಹಾದ್ದೂರ್, ದಿವಾನ್ ಬಹಾದ್ದೂರ್ ಮೊದಲಾದವು ಓಡಾಡುತ್ತಿದ್ದ ದೇಶದಲ್ಲಿ ಸರ್ಕಾರವು ಇನ್ನು ಬಿರುದು ಕೊಡಕೂಡದೆಂದು ಕಟ್ಟು ಮಾಡಿದ ಆ ವಿಧಿಯು, ಸೈನಿಕ ಮತ್ತು ವಿದ್ವತ್ತಿನ ಗೌರವಗಳನ್ನು ಮಾತ್ರ ಆ ಕಟ್ಟಿನಿಂದ ಹೊರಗಿಟ್ಟಿತು. ಹೀಗಾಗಿ ಗಣರಾಜ್ಯದಲ್ಲಿ ಹೆಸರಿನ ಹಿಂದೆಮುಂದೆ ಏನನ್ನಾದರೂ ಅಂಟಿಸಿಕೊಳ್ಳಬಯಸುವವರಿಗೆ ದೇಶದ ಗಡಿ ಮತ್ತು ಪಿಎಚ್.ಡಿ. ಎಂಬ ಎರಡೇ ದಾರಿಗಳು ಉಳಿದವು. ಇವೆರಡರಲ್ಲಿ ಗಡಿಯೇ ಕಠಿಣವೆಂದು ಸೈನಿಕರು ಹೇಳಿದರೆ, ಅವರು ಸಂಶೋಧನಾ ಮಾರ್ಗದರ್ಶಕರ ಕೈಗೆ ಸಿಕ್ಕಿದವರಲ್ಲವೆಂದು ಎದುರು ಪಕ್ಷದವರು ಆಕ್ಷೇಪಿಸುತ್ತಾರೆ.

ಶಾಸ್ತ್ರದ ಅತಿ ಜಟಿಲವಾದ ಭಾಗವು ‘ಕಂಸಸ್ಥಾನವಿವಾದ’. ಅಧಿಕಾರಿ ನಿವೃತ್ತನಾಗುತ್ತಾನೆಯೇ ಹೊರತು ರ‍್ಯಾಂಕ್ ಎಂದಿಗೂ ನಿವೃತ್ತವಾಗುವುದಿಲ್ಲವೆಂಬುದು ಸೈನ್ಯದವರ ಸಿದ್ಧಾಂತ; ಇಲ್ಲಿ ರ‍್ಯಾಂಕ್ ಎಂದರೆ ಹೆಗಲ ಮೇಲೋ ತೋಳಿನ ಮೇಲೋ ಹೊತ್ತ ದರ್ಜೆಯೇ ಹೊರತು, ಮೇ ತಿಂಗಳಲ್ಲಿ ಮಕ್ಕಳ ಭಾವಚಿತ್ರದೊಂದಿಗೆ ಪತ್ರಿಕೆಯಲ್ಲಿ ಬರುವಂಥದ್ದಲ್ಲ. ಈ ಸಿದ್ಧಾಂತದಂತೆ ‘ಕರ್ನಲ್ (ನಿವೃತ್ತ) ಇಂಥವರು’ ಎಂದು ಬರೆಯುವುದು ಅಪಚಾರ. ‘ಕರ್ನಲ್ ಇಂಥವರು (ನಿವೃತ್ತ)’ ಎಂಬುದೇ ಶುದ್ಧಪಾಠ. ಆತ್ಮಕ್ಕೆ ಸಾವಿಲ್ಲ, ದೇಹಕ್ಕೆ ಮಾತ್ರ ಎಂಬ ತತ್ತ್ವವನ್ನು ಭಗವಂತನು ಒಬ್ಬ ಸೈನಿಕನಿಗೇ, ಅದೂ ರಣರಂಗದಲ್ಲೇ ಬೋಧಿಸಿದ್ದನೆಂಬುದನ್ನು ನೆನೆದರೆ, ರ‍್ಯಾಂಕನ್ನು ಆತ್ಮದ ಜಾಗದಲ್ಲಿಯೂ ಅಧಿಕಾರಿಯನ್ನು ದೇಹದ ಜಾಗದಲ್ಲಿಯೂ ಕೂರಿಸಿದ ಈ ವಾದವು ಪರಂಪರೆಗೆ ಹೊರತಾದುದೇನಲ್ಲ. ಆವರಣ ಚಿಹ್ನೆಗೆ ಕನ್ನಡದಲ್ಲಿ ‘ಕಂಸ’ವೆಂಬ ಹೆಸರು ಬಂದುದೂ ಇಲ್ಲಿ ಸಾರ್ಥಕವಾಗಿದೆ, ಏಕೆಂದರೆ ನಿವೃತ್ತನನ್ನು ದೇವಕಿಯ ಹಾಗೆ ಸೆರೆಯಲ್ಲಿಡುವ ಕೆಲಸವನ್ನು ಈ ಕಂಸವೂ ನಿಷ್ಠೆಯಿಂದ ಮಾಡುತ್ತದೆ.

ದುರದೃಷ್ಟವಶಾತ್ ಕನ್ನಡದ ವ್ಯಾಕರಣವು ಸೈನ್ಯದ ಅಪ್ಪಣೆಗೆ ಮಣಿಯುವುದಿಲ್ಲ. ಕನ್ನಡದಲ್ಲಿ ವಿಶೇಷಣವು ವಿಶೇಷ್ಯಕ್ಕಿಂತ ಮುಂಚೆಯೇ ಬಂದು ಕೂರುವುದರಿಂದ, ಎಷ್ಟೇ ಭಕ್ತಿಯಿಂದ ಬರೆದರೂ ‘ನಿವೃತ್ತ ಕರ್ನಲ್’ ಎಂದೇ ಆಗಿ, ನಿವೃತ್ತಿಯು ಮೊದಲು ರ‍್ಯಾಂಕಿನ ಕುತ್ತಿಗೆಗೇ ಬೀಳುತ್ತದೆ. ಶುದ್ಧಪಾಠಕ್ಕಾಗಿ ಹಟ ಹಿಡಿದು ‘ಕರ್ನಲ್ ನಿವೃತ್ತ ಸೋಮಯ್ಯ’ ಎಂದು ಬರೆದದ್ದಾದರೆ, ನಿವೃತ್ತ ಎಂಬುದು ಸೋಮಯ್ಯನವರ ಮನೆತನದ ಹೆಸರೆಂದು ತಿಳಿದು ಸಂಬಂಧ ಕೇಳಿಕೊಂಡು ಬರುವವರಿದ್ದಾರೆ.

ಕಂಸದ ಸೆರೆಯಿಂದ ಬಿಡುಗಡೆಯಾದವರಿಗೆ ಅತ್ಯುತ್ತಮ ದೃಷ್ಟಾಂತವೆಂದರೆ ಕೊಡಗಿನ ಕೆ.ಎಂ. ಕಾರ್ಯಪ್ಪನವರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಅವರು 1953ರಲ್ಲಿ ಯಥಾವಿಧಿ ನಿವೃತ್ತರಾದರು. ಮೂವತ್ತಮೂರು ವರ್ಷಗಳ ತರುವಾಯ, 1986ರಲ್ಲಿ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. ಈ ಪದವಿಯ ವಿಶೇಷವೇನೆಂದರೆ ಅದನ್ನು ಪಡೆದವರು ಬದುಕಿರುವವರೆಗೂ ಸೇವೆಯಲ್ಲಿಯೇ ಇರುತ್ತಾರೆ. ಆದ್ದರಿಂದ ನಡುವಿನ ಮೂವತ್ತಮೂರು ವರ್ಷ ಅವರು ನಿವೃತ್ತರಾಗಿದ್ದರೋ, ಅಥವಾ ದೀರ್ಘವಾದೊಂದು ರಜೆಯ ಮೇಲಿದ್ದರೋ ಎಂಬ ಸೂಕ್ಷ್ಮಪ್ರಶ್ನೆ ಏಳುತ್ತದೆ. ನಿವೃತ್ತಿಯಿಂದಲೇ ನಿವೃತ್ತರಾದವರು ಎಂಬುದೊಂದೇ ಇದಕ್ಕೆ ಸಮಾಧಾನ.

‘ಕ್ಯಾಪ್ಟನ್’ ಎಂಬ ಪದದ ಅನೇಕಾರ್ಥವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಭೂಸೇನೆಯ ಕ್ಯಾಪ್ಟನ್ ತರುಣ ಅಧಿಕಾರಿ, ನೌಕಾಸೇನೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್ಲಿಗೆ ಸಮಾನನಾದ ಹಿರಿಯ, ಮೂರನೆಯವನು ವಿಮಾನ ಹಾರಿಸುತ್ತಾನೆ, ನಾಲ್ಕನೆಯವನು ಟಾಸ್ ಸೋಲುತ್ತಾನೆ. ಭೂಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ ಗೊರೂರಿನ ಜಿ.ಆರ್. ಗೋಪಿನಾಥ್ ಅವರು ಮುಂದೆ ವಿಮಾನ ಕಂಪನಿಯನ್ನೇ ಕಟ್ಟಿ, ಮೊದಲ ಮತ್ತು ಮೂರನೆಯ ಅರ್ಥಗಳನ್ನು ಬಿಡಿಸಲಾಗದಂತೆ ಹೆಣೆದುಬಿಟ್ಟರು.

ಇಲ್ಲಿಯವರೆಗಿನದು ಅಧಿಕಾರಿಗಳ ಕಾಂಡ. ಶಾಸ್ತ್ರದ ಜೀವವಿರುವುದು ಹಳ್ಳಿಯ ಕಾಂಡದಲ್ಲಿ. ಅಲ್ಲಿ ಕಂಸವೂ ಇಲ್ಲ, ನಿವೃತ್ತಿಯೂ ಇಲ್ಲ; ‘ಮಿಲ್ಟ್ರಿ’ ಎಂಬ ಒಂದೇ ಉಪಸರ್ಗವು ಮಿಲ್ಟ್ರಿ ರಾಮಣ್ಣ, ಮಿಲ್ಟ್ರಿ ಮಾವ, ಮಿಲ್ಟ್ರಿಯೋರ ಮನೆ, ಮಿಲ್ಟ್ರಿಯೋರ ಎಮ್ಮೆ ಎಂದು ಸಕಲ ಸ್ಥಿರಚರಾಸ್ತಿಗೂ ವ್ಯಾಪಿಸುತ್ತದೆ. ಬೆಂಗಳೂರು, ಮೈಸೂರು ಕಡೆಗಳಲ್ಲಿ ಮುದ್ದೆ, ಕಾಲು ಸೂಪು, ಬೋಟಿ ಗೊಜ್ಜು ಬಡಿಸುವ ಖಾನಾವಳಿಗೂ ‘ಮಿಲ್ಟ್ರಿ ಹೋಟೆಲ್’ ಎಂಬ ಹೆಸರಿರುವುದರಿಂದ, ಮಿಲ್ಟ್ರಿ ರಾಮಣ್ಣನೆಂದರೆ ಸೈನ್ಯದಲ್ಲಿದ್ದವನೋ ಹೋಟೆಲು ನಡೆಸುವವನೋ ಎಂಬ ಸಂದೇಹಕ್ಕೆ ಎಡೆಯಿದೆ. ಒಬ್ಬನಲ್ಲಿ ರಮ್ ಸಿಗುತ್ತದೆ, ಇನ್ನೊಬ್ಬನಲ್ಲಿ ಅದರ ಜೊತೆಗೆ ನೆಂಚಿಕೊಳ್ಳುವುದು ಸಿಗುತ್ತದೆ ಎಂಬ ಭೇದಕಲಕ್ಷಣದಿಂದ ಅದನ್ನು ಪರಿಹರಿಸಿಕೊಳ್ಳಬಹುದು. ಕ್ಯಾಂಟೀನಿನ ಈ ರಮ್ಮೇ ‘ನಿವೃತ್ತ್ಯುತ್ತರ ಪದೋನ್ನತಿ’ಗೆ, ಅಂದರೆ ಸೇವೆ ಬಿಟ್ಟ ಮೇಲೆಯೂ ದರ್ಜೆ ಏರುತ್ತ ಹೋಗುವ ವಿದ್ಯಮಾನಕ್ಕೆ, ಮುಖ್ಯ ಕಾರಣ. ಸೈನ್ಯದಲ್ಲಿ ಸುಬೇದಾರರಿಗೆ ಗೌರವ ಕ್ಯಾಪ್ಟನ್ ಪದವಿ ಸಿಗಬೇಕಾದರೆ ಜನವರಿ 26ನ್ನೋ ಆಗಸ್ಟ್ 15ನ್ನೋ ಕಾಯಬೇಕು. ಊರಿನಲ್ಲಾದರೋ ನಾಯಕ್ ಆಗಿ ಬಂದವನು ತಿಂಗಳ ಕೋಟಾ ತಂದ ಸಂಜೆ ಹವಾಲ್ದಾರನೂ, ಎರಡನೆಯ ಬಾಟಲಿಗೆ ಸುಬೇದಾರನೂ ಆಗುತ್ತಾನೆ. ಕೋಟಾ ತೀರಿದ ಮರುದಿನ ಆತನು ‘ಏನ್ಲಾ ರಾಮ’ ಎಂಬ ಮೂಲಸ್ಥಿತಿಗೆ ಮರಳುವನು.

ರ‍್ಯಾಂಕ್ ನಿವೃತ್ತವಾಗುವುದಿಲ್ಲವೆಂಬ ಸಿದ್ಧಾಂತವನ್ನು ಸೈನ್ಯಕ್ಕಿಂತ ಮುಂಚೆ, ಸೈನ್ಯಕ್ಕಿಂತ ಗಟ್ಟಿಯಾಗಿ ಆಚರಿಸಿದವರು ಕರ್ನಾಟಕದ ಕುಟುಂಬಗಳು ಮತ್ತು ಬೀದಿಗಳು. ಭೂಸೇನೆಯು 1965ರಲ್ಲಿ ಜಮಾದಾರ್ ಎಂಬ ಹೆಸರನ್ನು ತೆಗೆದು ನಾಯಬ್ ಸುಬೇದಾರ್ ಎಂದಿಟ್ಟರೂ, ಉತ್ತರ ಕರ್ನಾಟಕದ ಜಮಾದಾರ ಮನೆತನದವರು ಆ ಆದೇಶವನ್ನು ಗಣನೆಗೆ ತೆಗೆದುಕೊಂಡಿಲ್ಲ. ಕೋಟೆ ಬಿದ್ದುಹೋದರೂ ಕಿಲ್ಲೇದಾರರು ಕಿಲ್ಲೇದಾರರಾಗಿಯೇ, ದಂಡಿಲ್ಲದಿದ್ದರೂ ದಳವಾಯಿಗಳು ದಳವಾಯಿಗಳಾಗಿಯೇ ಇದ್ದಾರೆ. ಬೆಂಗಳೂರಿನಲ್ಲಿ ಸುಬೇದಾರ್ ಛತ್ರದ ರಸ್ತೆ ಇಂದಿಗೂ ಬಸ್ಸುಗಳನ್ನು ಹೊತ್ತು ಸೇವೆಯಲ್ಲಿದೆ. ಅದರ ಹೆಸರಿನ ಮುಂದೆ ‘ನಿವೃತ್ತ’ ಎಂದು ಬರೆಯುವ ಧೈರ್ಯ ಯಾವ ಪಾಲಿಕೆಗೂ ಬಂದಿಲ್ಲ.

ಈ ಅಮರತ್ವವು ಸಿಪಾಯಿಗೆ ಮಾತ್ರ ದಕ್ಕಿಲ್ಲವೆಂಬುದು ಶಾಸ್ತ್ರದ ದೊಡ್ಡ ಊನ. ಪಿಂಚಣಿಗೆ ಬೇಕಾದ ಹದಿನೈದು ವರ್ಷ ದುಡಿದು, ತಲೆಗೂದಲು ಕಪ್ಪಾಗಿರುವಾಗಲೇ ಹಿಂದಿರುಗುವ ಇವನನ್ನು ಸರ್ಕಾರವು ‘ಮಾಜಿ ಸೈನಿಕ’ನೆಂದೂ ಸಭೆಯ ನಿರೂಪಕರು ‘ಮಾಜಿ ಜವಾನ್’ ಎಂದೂ ಕರೆಯುತ್ತಾರೆ. ಜವಾನ್ ಎಂದರೆ ಪಾರ್ಸಿಯಲ್ಲಿ ಯುವಕ, ಮಾಜಿ ಎಂದರೆ ಕಳೆದುಹೋದದ್ದು. ಎರಡೂ ಸೇರಿದರೆ ‘ಹಿಂದೊಮ್ಮೆ ಯುವಕನಾಗಿದ್ದವನು’ ಎಂದಷ್ಟೇ ಆಗಿ, ಗಡಿಯ ಮುಖ ಕಾಣದವರಿಗೂ ವಯಸ್ಸಾದಂತೆ ತಾನಾಗಿ ಲಭಿಸುವ ಪದವಿಯಾಗುತ್ತದೆ. ಇನ್ನೂ ವಿಷಾದದ ಸಂಗತಿಯೆಂದರೆ, ಅದೇ ಪದವು ಕೊನೆಗೊಂದು ಅಕಾರವನ್ನು ಪಡೆದು ‘ಜವಾನ’ ಎಂದಾದೊಡನೆ ಕನ್ನಡದ ಕಚೇರಿಗಳಲ್ಲಿ ಕಡತ ಹೊತ್ತು ಚಹಾ ತರುವವನಾಗುವುದು. ಮಾಜಿ ಸೈನಿಕರ ಮೀಸಲಿನಲ್ಲಿ ಕಚೇರಿಯ ಚಾಕರಿ ಹಿಡಿದವನು ಆ ಒಂದು ಅಕಾರದೊಳಗೆ ಹಿಮಾಲಯದಿಂದ ಇಳಿದುಬರುತ್ತಾನೆ. ಚಾಕರಿ ಸಿಗದೆ ಎಟಿಎಮ್ಮಿನ ಬಾಗಿಲು ಕಾಯುವವನಿಗೆ ಹೆಸರೂ ಉಳಿಯುವುದಿಲ್ಲ. ‘ಸೆಕ್ಯುರಿಟಿ’ ಎಂಬ ಭಾವನಾಮವೇ ಅವನ ಅಂಕಿತನಾಮವಾಗಿ, ದೂರದಿಂದ ಕರೆಯುವಾಗ ಕೊನೆಯ ಸ್ವರವು ಪ್ಲುತವಾಗಿ ‘ಸೆಕ್ಯುರಿಟೀ’ ಎಂದಾಗುತ್ತದೆ. ಕರೆದವರಿಗೆ ಬೇಕಾಗಿರುವುದು ಸಾಮಾನ್ಯವಾಗಿ ಕಾರು ನಿಲ್ಲಿಸುವಷ್ಟು ಜಾಗ.

2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯು ಶಾಸ್ತ್ರಕಾರರಿಗೆ ಹೊಸ ಕೆಲಸ ಒದಗಿಸಿದೆ. ನಾಲ್ಕು ವರ್ಷದ ಬಳಿಕ ಹೆಚ್ಚಿನ ಅಗ್ನಿವೀರರು ಸೈನ್ಯದಿಂದ ಹೊರಬೀಳಬೇಕು. ಹಾಗೆ ಬಿದ್ದವರಿಗೆ ಯೋಜನೆಯು ಪಿಂಚಣಿಯನ್ನೂ, ಮಾಜಿ ಸೈನಿಕನೆಂಬ ಸ್ಥಾನವನ್ನೂ ಕೊಟ್ಟಿಲ್ಲ. ‘ಮಾಜಿ ಅಗ್ನಿವೀರ’ ಎನ್ನೋಣವೆಂದರೆ ಮಾಜಿಯಾದ ಅಗ್ನಿಗೆ ಕನ್ನಡದಲ್ಲಿ ಬೂದಿಯೆಂಬ ಹೆಸರು ಮೊದಲೇ ಇದೆ. ಇಪ್ಪತ್ತೆರಡರ ಹರೆಯದಲ್ಲಿ ಕಬ್ಬಿಣದ ಟ್ರಂಕು ಹೊತ್ತು ಊರ ನಿಲ್ದಾಣದಲ್ಲಿ ಇಳಿಯುವ ಹುಡುಗನನ್ನು ‘ಮಿಲ್ಟ್ರಿ’ ಎಂದು ಕರೆಯಬೇಕೇ ಬೇಡವೇ ಎಂಬುದನ್ನು ಅರಳಿಕಟ್ಟೆಯ ಪಂಡಿತರು ತೀರ್ಮಾನಿಸಬೇಕಾಗಿದ್ದು, ಅದಕ್ಕಾಗಿ ಅವರು ಕೇಳುವ ಮೊದಲ ಪ್ರಶ್ನೆ, ಕ್ಯಾಂಟೀನ್ ಕಾರ್ಡ್ ಕೊಟ್ಟಿದ್ದಾರೆಯೇ ಎಂಬುದು.