ಹದಿನೆಂಟರ ಹಿರಿಯರು

ಎಲ್ಡರ್ ಎಂದರೆ ಹಿರಿಯ. ಕನ್ನಡ ನಾಡಿನ ಚರ್ಚುಗಳಲ್ಲಿ ಸಭಾಹಿರಿಯ ಎನಿಸಿಕೊಳ್ಳುವ ಹೊತ್ತಿಗೆ ಮನುಷ್ಯನ ಕೂದಲು ಅರ್ಧ ನೆರೆತು, ಉಳಿದರ್ಧ ಉದುರಿರುತ್ತದೆ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಲೇಟರ್-ಡೇ ಸೇಂಟ್ಸ್ ಸಭೆಯಲ್ಲಿ, ಅಂದರೆ ಲೋಕವು ಮಾರ್ಮನ್ ಎಂದು ಕರೆಯುವ ಸಭೆಯಲ್ಲಿ, ಹುಡುಗನೊಬ್ಬ ಹಿರಿಯನಾಗಿ ಧರ್ಮಪ್ರಚಾರಕ್ಕೆ ಹೊರಡಲು 18 ವರ್ಷ ತುಂಬಿದರೆ ಸಾಕು. 2012ರವರೆಗೆ 19 ಬೇಕಿತ್ತು; ಆಮೇಲೆ ಹಿರಿತನ ಒಂದು ವರ್ಷ ಕಿರಿದಾಯಿತು. ಮೀಸೆ ಬರುವ ಮೊದಲೇ ಹಿರಿಯನಾದ ಇಂಥವನನ್ನು ಗುರುತಿಸುವುದು ಸುಲಭ: ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ, ಪಕ್ಕದಲ್ಲಿ ಇನ್ನೊಬ್ಬ ಅಂಥವನೇ. ಬಿಲ್ಲೆಯಲ್ಲಿ ಎಲ್ಡರ್ ಎಂಬುದರ ಮುಂದೆ ಮನೆತನದ ಹೆಸರು ಇರುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಎರಡು ವರ್ಷ ಊರಲ್ಲೇ ಉಳಿಯುತ್ತದೆ. ಹುಡುಗಿಯರೂ ಹೋಗುತ್ತಾರೆ, ಅವರಿಗೆ ಸಿಸ್ಟರ್ ಎಂಬ ಬಿಲ್ಲೆ, 18 ತಿಂಗಳ ಸೇವೆ.

ಎಲ್ಲಿಗೆ ಹೋಗಬೇಕೆಂಬುದನ್ನು ಎಲ್ಡರ್ ಆರಿಸಿಕೊಳ್ಳುವಂತಿಲ್ಲ. ಅರ್ಜಿ ಹಾಕಿ, ಕೇಂದ್ರದಿಂದ ಬರುವ ಕರೆಗೆ ಕಾಯಬೇಕು. ಕರೆ ಬಂದಾಗ ನೆಂಟರಿಷ್ಟರೆಲ್ಲ ಸುತ್ತ ನೆರೆದಿರುತ್ತಾರೆ. ಹುಡುಗ ಎಲ್ಲರ ಮುಂದೆ ಅದನ್ನು ಗಟ್ಟಿಯಾಗಿ ಓದುತ್ತಾನೆ. ಪಕ್ಕದ ಮನೆಯವನಿಗೆ ಟೋಕಿಯೊ ಬಿದ್ದು ತನಗೆ ಪಕ್ಕದ ರಾಜ್ಯ ಐಡಹೊ ಬಿದ್ದರೆ, ದೇವರ ಚಿತ್ತ ಎಂದು ನಗುತ್ತಾನೆ. ನಗು ಎರಡು ಸೆಕೆಂಡು ತಡವಾಗಿ ಬರುತ್ತದೆ. ಈ ಕೆಲಸಕ್ಕೆ ಸಂಬಳವಿಲ್ಲ. ಅಮೆರಿಕದ ಹುಡುಗನಾದರೆ 2020ರಿಂದೀಚೆಗೆ ತಿಂಗಳಿಗೆ 500 ಡಾಲರ್ ಅವನೋ ಮನೆಯವರೋ ಕಟ್ಟಬೇಕು. ಕೈಯಿಂದ ದುಡ್ಡು ಹಾಕಿ ಬೈಸಿಕೊಳ್ಳುವ ಉದ್ಯೋಗಗಳು ಲೋಕದಲ್ಲಿ ಹೆಚ್ಚಿಲ್ಲ. ಆದರೂ 2024ರ ಕೊನೆಗೆ ಇಂಥ ಪ್ರಚಾರಕರು 74,000ಕ್ಕೂ ಹೆಚ್ಚಿದ್ದರು.

ಯೂಟಾದ ಪ್ರೊವೊ ಊರಿನ ತರಬೇತಿ ಕೇಂದ್ರದಲ್ಲಿ ಕೆಲವೇ ವಾರಗಳಲ್ಲಿ ಪರಭಾಷೆಯನ್ನು ತಲೆಗೆ ತುಂಬಿ ಕಳಿಸುತ್ತಾರೆ. ತುಂಬುವ ಕ್ರಮ ವಿಶೇಷವಾದುದು. ಹೊರಬೀಳುವ ಹುಡುಗ ಆ ಭಾಷೆಯಲ್ಲಿ ಪಾಪ, ಪಶ್ಚಾತ್ತಾಪ, ಪರಲೋಕಗಳ ಬಗ್ಗೆ ಮಾತಾಡಬಲ್ಲ. ಈರುಳ್ಳಿಗೆ ಎಷ್ಟು ಎಂದು ಕೇಳಲಾರ.

ದಿನಚರಿ ಹಳೆಯ ಹಾಸ್ಟೆಲ್ ವಾರ್ಡನ್ನರನ್ನೂ ನಾಚಿಸುವಂಥದ್ದು. ಸಾಮಾನ್ಯವಾಗಿ ಬೆಳಗಿನ 6:30ಕ್ಕೆ ಏಳಬೇಕು, ವ್ಯಾಯಾಮ, ಪ್ರಾರ್ಥನೆ, ಗ್ರಂಥಪಾಠ ಮುಗಿಸಿ ಬೀದಿಗಿಳಿಯಬೇಕು, ರಾತ್ರಿ 10:30ಕ್ಕೆ ದೀಪ ಆರಿಸಬೇಕು. ಪ್ರೇಮ ನಿಷಿದ್ಧ. ಊರಲ್ಲಿ ಕಾಯುತ್ತೇನೆಂದು ಕಣ್ಣೀರಿಟ್ಟ ಹುಡುಗಿ ಇನ್ನೊಬ್ಬನನ್ನು ಮದುವೆಯಾಗುವ ಸುದ್ದಿ ಬರುವುದು ಈ ವರ್ಗದಲ್ಲಿ ಎಷ್ಟು ಮಾಮೂಲೆಂದರೆ, ಅದಕ್ಕೆ ಸಾಂತ್ವನ ಹೇಳಲು ಪಕ್ಕದಲ್ಲಿ ಅನುಭವಸ್ಥನೊಬ್ಬ ಸಿದ್ಧವಾಗಿಯೇ ಇರುತ್ತಾನೆ.

ಈ ಪಕ್ಕದವನೇ ಕಂಪ್ಯಾನಿಯನ್. ಎಲ್ಡರ್‌ನ ಆಧ್ಯಾತ್ಮಿಕ ಜೀವನವನ್ನು ಅರಿಯಬೇಕಾದವರು ಗ್ರಂಥಗಳನ್ನು ಬದಿಗಿಟ್ಟು ಮೊದಲು ಇವನನ್ನು ನೋಡಬೇಕು. ಜಾತಕ ನೋಡದೆ ಕಟ್ಟಿದ ಜೋಡಿ ಇದು. ಒಬ್ಬರಿನ್ನೊಬ್ಬರ ಕಣ್ಣಿಗೆ, ಕಿವಿಗೆ ದೂರವಾಗುವಂತಿಲ್ಲ. ಏಕಾಂತ ಸಿಗುವುದು ಬಚ್ಚಲಲ್ಲಿ ಮಾತ್ರ. ಕೆಲವು ಎಲ್ಡರ್‌ಗಳು ಸ್ನಾನಕ್ಕೆ ಅಷ್ಟು ಹೊತ್ತು ತೆಗೆದುಕೊಳ್ಳುವುದು ಶುಚಿತ್ವದ ಮೇಲಿನ ಪ್ರೀತಿಗಲ್ಲ. ಒಬ್ಬ ಗೊರಕೆ ಹೊಡೆಯುತ್ತಾನೆ, ಒಬ್ಬ ಮೂರು ಹೊತ್ತೂ ಮೊಟ್ಟೆಯನ್ನೇ ಬೇಯಿಸುತ್ತಾನೆ, ಒಬ್ಬ ಸೈಕಲ್ ತುಳಿಯುತ್ತಲೇ ಕೀರ್ತನೆ ಗುನುಗುತ್ತಾನೆ, ಅದೂ ಒಂದೇ ಸಾಲನ್ನು. ಜಗಳವಾಡಿ ಅವರವರ ದಾರಿ ಹಿಡಿಯೋಣವೆಂದರೆ ಇಬ್ಬರಿಗೂ ಇರುವುದು ಒಂದೇ ದಾರಿ. ಹಾಗೂ ಹೀಗೂ ಹೊಂದಿಕೊಳ್ಳುವ ಹೊತ್ತಿಗೆ ವರ್ಗಾವಣೆ ಬರುತ್ತದೆ. ಪ್ರತಿ ಆರು ವಾರಕ್ಕೊಮ್ಮೆ ಆ ಪಟ್ಟಿ ಹೊರಬೀಳುತ್ತದೆ.

ಮನೆಮನೆಯ ಬಾಗಿಲು ತಟ್ಟಿ ಮುಚ್ಚಿಸಿಕೊಳ್ಳುವುದು ಅಷ್ಟು ಕಷ್ಟವಲ್ಲ. ಪಳಗಿದ ಎಲ್ಡರ್ ನಾಯಿ ಬೊಗಳುವ ಧಾಟಿಯಿಂದಲೇ ಮನೆಯವರ ಮತಧರ್ಮದ ಒಲವು ಹೇಳಬಲ್ಲ. ಕಷ್ಟವಿರುವುದು ತೆರೆದ ಬಾಗಿಲಲ್ಲಿ. 1833ರಲ್ಲಿ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಪ್ರಕಟಿಸಿದ ಆರೋಗ್ಯ ನಿಯಮದ ಪ್ರಕಾರ ಮದ್ಯ, ತಂಬಾಕಿನ ಸಾಲಿಗೆ ಕಾಫಿ, ಟೀಗಳೂ ಸೇರಿ ನಿಷಿದ್ಧ. ಈ ಸಭೆಗೆ 1993ರಿಂದ ಬೆಂಗಳೂರಿನಲ್ಲೂ ಒಂದು ಮಿಷನ್ ಇದೆ. ಅಲ್ಲಿ ಸೇವೆ ಮಾಡುವವರಲ್ಲಿ ಭಾರತದ ಹುಡುಗರೂ ಇದ್ದಾರೆ. ಫಿಲ್ಟರ್ ಕಾಫಿಯ ಊರಿನಲ್ಲಿ ಕಾಫಿ ಒಲ್ಲೆನೆನ್ನುವವನ ಪಾಡನ್ನು ವಿವರಿಸಬೇಕಾಗಿಲ್ಲ. ಬೇಡವೆಂದರೆ ಸಂಕೋಚವೆಂದು ತಿಳಿಯುತ್ತಾರೆ. ಮತ್ತೆ ಬೇಡವೆಂದರೆ ಅರ್ಧ ಲೋಟಕ್ಕೆ ಇಳಿಯುತ್ತಾರೆ. ಮೂರನೆಯ ಸಲಕ್ಕೆ ಮನೆಯ ಅಜ್ಜಿ, “ಸಕ್ಕರೆ ಕಾಯಿಲೇನಪ್ಪಾ, ಈ ವಯಸ್ಸಿಗೇ? ಬರೀ ಹಾಲಾದ್ರೂ ಕುಡಿ” ಎನ್ನುತ್ತಾರೆ. ಪಾಪಪುಣ್ಯದ ವಿಷಯ ಎತ್ತಲು ಅಲ್ಲಿಂದ ಮುಂದೆ ಜಾಗವೇ ಇರುವುದಿಲ್ಲ. ಮಾತು ಅಜ್ಜಿಯ ಮಂಡಿನೋವಿನ ಕಡೆಗೆ ತಿರುಗಿರುತ್ತದೆ.

ವಾರಕ್ಕೊಂದು ದಿನ, ಹೆಚ್ಚಾಗಿ ಸೋಮವಾರ, ಬಿಡುವು. ಅಂದು ಬಟ್ಟೆ ಒಗೆಯಬೇಕು, ಮನೆಗೆ ಪತ್ರ ಬರೆಯಬೇಕು. ಮೊದಲೆಲ್ಲ ಮನೆಗೆ ಫೋನು ಮಾಡಲು ವರ್ಷಕ್ಕೆ ಎರಡು ಸಲ, ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ, ಅವಕಾಶವಿತ್ತು. 2019ರಿಂದ ವಾರವಾರವೂ ಮಾತಾಡಬಹುದು. ಆದರೂ ಪತ್ರದ ವೈಭವ ಕುಂದಿಲ್ಲ. ಎಲ್ಲ ವಾರಗಳೂ ಅದರಲ್ಲಿ ಅದ್ಭುತವಾಗಿರುತ್ತವೆ. ಓದುವ ತಾಯಿಗೆ ಮಾತ್ರ ನಿಘಂಟು ಗೊತ್ತು: ‘ಈ ವಾರ ಬಹಳ ಕಲಿತೆ’ ಎಂದರೆ ಒಬ್ಬರೂ ಬಾಗಿಲು ತೆಗೆಯಲಿಲ್ಲ, ‘ಇಲ್ಲಿನ ಅಡುಗೆ ವಿಶಿಷ್ಟ’ ಎಂದರೆ ಹೊಟ್ಟೆ ಕೆಟ್ಟಿದೆ, ‘ಕಂಪ್ಯಾನಿಯನ್‌ನಿಂದ ತಾಳ್ಮೆ ಕಲಿಯುತ್ತಿದ್ದೇನೆ’ ಎಂದರೆ ಮೂರು ದಿನದಿಂದ ಮಾತಿಲ್ಲ.

ಆಧ್ಯಾತ್ಮಿಕ ಬೆಳವಣಿಗೆ ಈ ಪತ್ರಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ನಿಜವಾದದ್ದು ಬೇರೆಲ್ಲೋ ಸದ್ದಿಲ್ಲದೆ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಎಲ್ಡರ್ ದೇವರಿಗೆ ಲೆಕ್ಕ ಒಪ್ಪಿಸುತ್ತಾನೆ: ಇಷ್ಟು ಬಾಗಿಲು ತಟ್ಟಿದೆ, ಇಷ್ಟು ಪಾಠ ಹೇಳಿದೆ, ಇನ್ನು ನಿನ್ನ ಪಾಲಿನದು ಮಾಡು. ಆರನೆಯ ತಿಂಗಳಿಗೆ ಪ್ರಾರ್ಥನೆ ಚಿಕ್ಕದಾಗುತ್ತದೆ: ಇವನ ಗೊರಕೆ ನಿಲ್ಲಲಿ. ವರ್ಷ ಕಳೆದ ಮೇಲೆ, ಊರಲ್ಲಿ ಕಾಯಿಲೆ ಮಲಗಿರುವ ಕಂಪ್ಯಾನಿಯನ್‌ನ ತಾಯಿ ಹುಷಾರಾಗಲಿ ಎಂದಾಗುತ್ತದೆ; ಗೊರಕೆಯ ವಿಷಯ ಮರೆತೇ ಹೋಗಿರುತ್ತದೆ. ಆ ವಾರದ ಪತ್ರದಲ್ಲಿ ಹೊಸ ಸೈಕಲ್ ಚೈನಿನ ಬಗ್ಗೆ ಒಂದು ಪುಟವಿರುತ್ತದೆ, ಇದರ ಬಗ್ಗೆ ಒಂದಕ್ಷರವಿಲ್ಲ.

ತಮ್ಮನ್ನು ಗೇಲಿ ಮಾಡುವವರ ಮೇಲೆ ಈ ಜನ ಹರಿಹಾಯುವುದು ಕಡಿಮೆ. 2011ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಇಂಥ ಹುಡುಗರನ್ನೇ ಲೇವಡಿ ಮಾಡುವ ಸಂಗೀತ ನಾಟಕ ಬಂದು ಭರ್ತಿಯಾಗಿ ಓಡಿತು. ಆಮೇಲೆ ಸಭೆ ಆ ನಾಟಕದ ಪ್ರೇಕ್ಷಕರ ಕೈಗೆ ಕೊಡುವ ಪುಸ್ತಿಕೆಯಲ್ಲೇ ದುಡ್ಡು ಕೊಟ್ಟು ತನ್ನ ಜಾಹೀರಾತು ಹಾಕಿಸಿತು.

24 ತಿಂಗಳು ಮುಗಿದಾಗ ವಿಮಾನ ನಿಲ್ದಾಣಕ್ಕೆ ಮನೆಮಂದಿ ಬಲೂನು, ಭಿತ್ತಿಪತ್ರ ಹಿಡಿದು ಬರುತ್ತಾರೆ. ಊರಿನ ಸಭಾಧ್ಯಕ್ಷರು ಅವನನ್ನು ಸೇವೆಯಿಂದ ಬಿಡುಗಡೆ ಮಾಡುತ್ತಾರೆ, ಬಿಲ್ಲೆ ಎದೆಯಿಂದ ಇಳಿಯುತ್ತದೆ. ಮರುದಿನ 6:30ಕ್ಕೇ ಎಚ್ಚರವಾಗುತ್ತದೆ. ಹಾಲು ತರಲು ಅಂಗಡಿಗೆ ಹೊರಟವನು ಗೇಟಿನ ಬಳಿ ನಿಂತು, ಹಿಂದೆ ಬರಬೇಕಾದ ಇನ್ನೊಬ್ಬನಿಗಾಗಿ ಕಾಯುತ್ತಾನೆ.