ಸೆಕೆಂಡ್ ಹ್ಯಾಂಡ್ ರಾಯರು

ಪರದೇಶದಲ್ಲಿ ಕನ್ನಡದವರ ನಾಲ್ಕು ಮನೆ ಇರುವ ಕಡೆಯೆಲ್ಲ ಒಬ್ಬರು ರಾಯರು ಇದ್ದೇ ಇರುತ್ತಾರೆ. ನಮ್ಮ ರಾಯರು ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದಲ್ಲಿ. ವಾರದಲ್ಲಿ ಐದು ದಿನ ಸಾಫ್ಟ್‌ವೇರ್, ಉಳಿದೆರಡು ದಿನ ಕಾರಿನ ಕೆಳಗೆ. ನಮ್ಮ ಬೀದಿಯಲ್ಲಿ ಅವರ ಮುಖಕ್ಕಿಂತ ಅಂಗಾಲಿನ ಪರಿಚಯವಿರುವವರೇ ಹೆಚ್ಚು.

ಮನೆಯಲ್ಲಿ ಹೊಸದಾಗಿ ಬಂದ ವಸ್ತು ಅಂತ ಇರುವುದು ತಾಳಿ ಒಂದೇ, ಅದನ್ನೂ ಮಾಡಿಸಿದ್ದು ನಮ್ಮಪ್ಪ ಎಂದು ಅವರ ಮನೆಯಾಕೆ ಹೇಳುತ್ತಿರುತ್ತಾರೆ. ಹಾಗಂತ ರಾಯರು ಜಿಪುಣರಲ್ಲ. ಬಂದವರಿಗೆ ಬಿಸಿಬೇಳೆಬಾತ್ ಬಡಿಸಿದರೆ ತುಪ್ಪದ ಮಿಳ್ಳೆಯನ್ನೇ ಬಗ್ಗಿಸಿಬಿಡುತ್ತಾರೆ. ಇನ್ನೊಬ್ಬರ ಕೈಗೆ ಸ್ಪ್ಯಾನರ್ ಕೊಟ್ಟು ಮೇಲೆ ದುಡ್ಡೂ ಕೊಡುವುದೆಂದರೆ ಮಾತ್ರ ಅವರಿಗೆ ಆಗಿಬರುವುದಿಲ್ಲ.

ಇಲ್ಲಿ ಜನವರಿಯ ಬೆಳಗು ಅಂದರೆ ಕಾರಿನ ಗಾಜಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಮಂಜು. ಇಣುಕುವಷ್ಟು ಕಿಂಡಿ ಕೆರೆದುಕೊಂಡು ಹೊರಟರೆ ದಂಡ. ಕರಗಲಿ ಎಂದು ಎಂಜಿನ್ ಚಾಲೂ ಮಾಡಿ ಸುಮ್ಮನೆ ನಿಂತರೆ ಅದಕ್ಕೂ ದಂಡ. ಅನುಕೂಲಸ್ಥರು ‘ಶ್ಟಾಂಡ್‌ಹೈಟ್ಸುಂಗ್’ ಹಾಕಿಸಿಕೊಳ್ಳುತ್ತಾರೆ. ಎಂಜಿನ್ ಆರಿಸಿದ್ದರೂ ಟ್ಯಾಂಕಿನಿಂದಲೇ ಇಂಧನ ಎಳೆದುಕೊಂಡು ಉರಿಯುವ ಹೀಟರ್ ಅದು. ರಾಯರು ಅದನ್ನು ನನಗೆ ಒಂದೇ ಉಸಿರಿಗೆ ತಿಳಿಸಿಕೊಟ್ಟರು: “ಬಚ್ಚಲ ಹಂಡೆ ಒಲೆ ಕಣಯ್ಯ. ಸೌದೆ ಬದಲು ಡೀಸೆಲ್, ಹಂಡೆ ನೀರಿನ ಬದಲು ರೇಡಿಯೇಟರ್ ನೀರು. ನಮ್ಮಜ್ಜಿ ಐದು ಗಂಟೆಗೆದ್ದು ಉರಿ ಹಾಕ್ತಿದ್ರು, ಇದಕ್ಕೆ ಟೈಮರ್ ಇದೆ. ಅಷ್ಟೇ.”

ಈ ಹೀಟರು ಮಾಡುವ ಎಬರ್‌ಸ್ಪೆಶರ್ ಕಂಪನಿ ಇರುವುದು ಪಕ್ಕದ ಎಸ್ಲಿಂಗನ್ನಿನಲ್ಲೇ. ಆದರೆ ಹೊಸದನ್ನು ತಂದು ಕೂರಿಸಲು ಸಾವಿರಾರು ಯೂರೋ ಬೇಕು. ರಾಯರು ಗುಜರಿಗೆ ಹೋದರು. ಡೀಸೆಲ್ ಎಂಜಿನ್ ಬೇಗ ಬಿಸಿಯಾಗುವುದಿಲ್ಲವಾದ್ದರಿಂದ ಎಷ್ಟೋ ಡೀಸೆಲ್ ಕಾರುಗಳಿಗೆ ಕಾರ್ಖಾನೆಯಲ್ಲೇ ಇಂಥ ಪುಟ್ಟ ಹೀಟರು ಇಟ್ಟಿರುತ್ತಾರೆ. ಕಾರು ಸತ್ತ ಮೇಲೆ ಅದು ರಾಯರಂಥವರಿಗಾಗಿ ಕಾದಿರುತ್ತದೆ. ಮೊದಲು ತಂದದ್ದು ಪೆಟ್ರೋಲಿನದು. ರಾಯರದು ಡೀಸೆಲ್ ಕಾರು, ಬರ್ನರೇ ಬೇರೆ. ಇನ್ನೊಂದು ಬಂತು. ಮೊದಲನೆಯದು ಏನಾಯಿತೆಂದು ಕೇಳಿದ್ದಕ್ಕೆ “ಮುಂದೆ ಪೆಟ್ರೋಲ್ ಕಾರು ತಗೊಂಡ್ರೆ?” ಎಂದರು.

ಊಟದ ಮೇಜಿನ ಮೇಲೆ ಸೂಪರ್‌ಮಾರ್ಕೆಟ್ಟಿನ ಜಾಹೀರಾತು ಹಾಸಿ ಡೀಸೆಲ್ ಹೀಟರನ್ನು ಬಿಚ್ಚಿದರು. ಬರ್ನರ್ ಒಳಗೆ ಯಾರದೋ ಹತ್ತು ಚಳಿಗಾಲದ ಮಸಿ. ಇಂಧನ ಹೊತ್ತಿಸುವ ಗ್ಲೋ ಪಿನ್ನಿನ ತುದಿ ಹುಡುಕಬೇಕಾಯಿತು. ಟೂತ್‌ಬ್ರಷ್‌ನಿಂದ ತಿಕ್ಕುತ್ತ ಕೂತರು. ಮಗಳು ಬಂದು “ಅಪ್ಪಾ, ಅದು ನಂದು” ಎಂದಾಗ ಅರ್ಧ ಕೆಲಸ ಮುಗಿದಿತ್ತು. ಆಮೇಲೆ ಪೈಪು, ಕ್ಲಿಪ್ಪು, ವೈರು, ಕೂಲೆಂಟ್ ಎಂದು ಪ್ರತಿ ವಾರ ಒಂದೊಂದು ಪಾರ್ಸೆಲ್. ಅವನ್ನು ಹೀಟರಿನ ಲೆಕ್ಕಕ್ಕೆ ಸೇರಿಸುವಂತಿಲ್ಲ. “ಅದು ಹೇಗೂ ಬೇಕಾಗಿತ್ತು” ಎಂಬ ಖಾತೆ ಅವರಲ್ಲಿ ಬೇರೆಯೇ ಇದೆ.

ಮೊದಲ ಸಲ ಹೊತ್ತಿಸಿದ ದಿನ ನಾನಿದ್ದೆ. ಪಂಪು ಟಕ್ ಟಕ್ ಎಂದಿತು. ಬಾನೆಟ್ಟಿನ ಕೆಳಗಿಂದ ಬೀದಿ ತುಂಬುವಷ್ಟು ಬಿಳಿ ಹೊಗೆ ಬಂತು, ಆರಿತು. ಮತ್ತೆ ಟಕ್ ಟಕ್, ಮತ್ತೆ ಹೊಗೆ. ಎದುರುಮನೆಯ ಅಜ್ಜಿ ಬಾಲ್ಕನಿಗೆ ಬಂದು ಫೈರ್ ಎಂಜಿನ್ನಿಗೆ ಹೇಳಲೇ ಎಂದರು. ರಾಯರು ಹೊಗೆಯೊಳಗಿಂದಲೇ “ಆಲೆಸ್ ಗುಟ್!” ಎಂದು ಕೂಗಿದರು. ಎಲ್ಲ ಸರಿಯಾಗಿದೆ ಅಂತ ಅರ್ಥ. ಅಷ್ಟರಲ್ಲಿ ಹೀಟರ್ ತಾನೇ ಲಾಕ್ ಮಾಡಿಕೊಂಡಿತು. ಮತ್ತೆ ಮತ್ತೆ ಹೊತ್ತದಿದ್ದರೆ ಹಾಗೆ ಮುನಿಸಿಕೊಂಡು ಕೂರುವುದು ಅದರ ಗುಣ. ಪಂಪನ್ನು ಮಟ್ಟಸವಾಗಿ ಕೂರಿಸಿದ್ದರಿಂದ ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು, ಬಾಯಿ ಮೇಲಾಗುವಂತೆ ಓರೆಯಾಗಿ ಕೂರಿಸಬೇಕಂತೆ. ಮುಂದಿನ ಭಾನುವಾರ ಓರೆ ಮಾಡಿದರು. ಉರಿ ಹಿಡಿಯಿತು! ಆವತ್ತು ರಾಯರ ಮುಖದಲ್ಲಿದ್ದ ಕಳೆ ಅವರ ಗೃಹಪ್ರವೇಶದಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಾರು ಬೆಚ್ಚಗಿತ್ತು, ಗಾಜು ಥಳಥಳ ಎನ್ನುತ್ತಿತ್ತು, ಬ್ಯಾಟರಿ ಸತ್ತಿತ್ತು. ಹೀಟರಿನ ಫ್ಯಾನು, ಪಂಪು ಎಲ್ಲ ನಡೆಯುವುದು ಬ್ಯಾಟರಿಯಿಂದ. ಅದು ಎಷ್ಟು ಹೊತ್ತು ಉರಿಯಿತೋ ಹೆಚ್ಚುಕಡಿಮೆ ಅಷ್ಟು ಹೊತ್ತು ಕಾರು ಓಡಿಸದಿದ್ದರೆ ಚಾರ್ಜ್ ತುಂಬುವುದಿಲ್ಲ. ರಾಯರ ಆಫೀಸು ಹತ್ತು ನಿಮಿಷದ ದಾರಿ. ಈಗ ಅವರು ನೆಕಾರ್ ನದಿ ದಾಟಿ, ಊರು ಸುತ್ತಿ, ಬ್ಯಾಟರಿಯ ಹೊಟ್ಟೆ ತುಂಬಿಸಿಕೊಂಡು ಆಫೀಸು ಸೇರುತ್ತಾರೆ.

ಗ್ಯಾರೇಜಿನೊಳಗೆ ಇದನ್ನು ಉರಿಸಲೇಬಾರದು, ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ರಾಯರಿಗೆ ಆ ಭಯವಿಲ್ಲ. ಗ್ಯಾರೇಜ್ ತುಂಬ ಗುಜರಿಯಿಂದ ತಂದ ಸಾಮಾನು. ಅದನ್ನು ಖಾಲಿ ಮಾಡಿ ಕಾರು ಒಳಗೆ ನಿಲ್ಲಿಸಿದ್ದರೆ ಗಾಜಿಗೆ ಮಂಜೇ ಹಿಡಿಯುತ್ತಿರಲಿಲ್ಲವಲ್ಲ ರೀ ಎಂದು ಮನೆಯಾಕೆ ಒಮ್ಮೆ ಕೇಳಿದರು. ರಾಯರು ಕೇಳಿಸದವರಂತೆ ಕಾರಿನ ಕೆಳಗೆ ಸರಿದರು.

ನಿಮ್ಮೂರಿನಲ್ಲೂ ಇಂಥ ರಾಯರಿದ್ದರೆ, ಶನಿವಾರ ಬೆಳಿಗ್ಗೆ ಫೋನ್ ಮಾಡಿ “ಐದು ನಿಮಿಷ ಟಾರ್ಚ್ ಹಿಡಿಯೋಕೆ ಬಾರಯ್ಯ” ಎಂದರೆ ಖಂಡಿತ ಹೋಗಿ. ಹಳೆ ಪ್ಯಾಂಟು ಹಾಕಿಕೊಳ್ಳಿ, ರಾತ್ರಿ ಊಟಕ್ಕೆ ಕಾಯಬೇಡಿ ಎಂದು ಮನೆಯಲ್ಲಿ ಹೇಳಿ ಹೋಗಿ.