ಹಂಪು ಹಾಕಿಸಿದ ಪುಣ್ಯಾತ್ಮರಿಗೆ

ಸ್ವಾಮಿ,

ನೀವು ಯಾರೋ ನನಗೆ ಗೊತ್ತಿಲ್ಲ. ನನ್ನ ಕಾರಿನ ಹೊಟ್ಟೆಗೆ ಮಾತ್ರ ನಿಮ್ಮ ಪರಿಚಯ ಚೆನ್ನಾಗಿಯೇ ಆಗಿದೆ. ಅದೀಗ ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಜ್ಯಾಕಿನ ಮೇಲೆ ನಿಂತಿದೆ, ಪಕ್ಕದಲ್ಲಿ ಹಳೇ ಟೈರಿನ ಮೇಲೆ ನಾನು ಕೂತಿದ್ದೇನೆ. ನಾಲ್ಕು ತಾಸಾಯಿತು. ಮೂರು ಚಹಾ ಮುಗಿದವು.

ಇವತ್ತು ಸೋಮವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರಿನ ದಿನ. ವರ್ಷದ ಖಾರಕ್ಕೆ ಹತ್ತು ಕಿಲೋ ತರೋಣವೆಂದು ಹೆಂಡತಿ, ಅತ್ತೆ ಇಬ್ಬರನ್ನೂ ಕೂಡ್ರಿಸಿಕೊಂಡು ಹೊರಟೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದೆ. ಡಾಂಬರಿನ ಬಣ್ಣವೇ ನಿಮ್ಮ ಹಂಪಿನ ಬಣ್ಣ. ಕಂಡದ್ದು ಹತ್ತಿದ ಮೇಲೆ. ಖಡಲ್ ಅಂತು, ಆಯಿಲಿನ ಕೆಂಪು ದೀಪ ಹೊತ್ತಿತು. ಇಂಜಿನ್ ಬಂದ್ ಮಾಡಿ ಇಳಿದು ನೋಡಿದರೆ ಹಿಂದೆ ರಸ್ತೆಯ ಮೇಲೆ ಕರೀ ಗೆರೆ. ಬ್ಯಾಡಗಿ ಮೆಣಸಿನಕಾಯಿಯಿಂದ ಎಣ್ಣೆ ತೆಗೆಯುತ್ತಾರೆಂದು ಗೊತ್ತಿತ್ತು, ಕಾರಿನಿಂದಲೂ ತೆಗೆಯುತ್ತಾರೆಂದು ಗೊತ್ತಿರಲಿಲ್ಲ.

‘ಆಯಿಲ್ ಚೇಂಬರ್ ಹೋಗೇತ್ರಿ ಸರ. ಕೆಳಗ ಗಾರ್ಡ್ ಹಾಕಿಸಿದ್ರ ಉಳೀತಿತ್ತು’ ಎಂದ ಮೆಕ್ಯಾನಿಕ್. ಗಾರ್ಡ್ ಅಂದರೇನೆಂದು ಹಾವೇರಿಯ ಒಂದು ಅಂಗಡಿಗೆ ಫೋನ್ ಮಾಡಿ ಕೇಳಿದೆ. ದಪ್ಪ ತಗಡು, ನಾಲ್ಕು ಬೋಲ್ಟು. ಆದರೆ ತಗಡು ಬಿಗಿದರೆ ಕಾರು ನೆಲಕ್ಕೆ ಇನ್ನೊಂದು ಬೆರಳು ಹತ್ತಿರ. ಅಂದರೆ ಮುಂದಿನ ಹಂಪು ಇನ್ನೂ ಸಲೀಸಾಗಿ ಸಿಗುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬುದೊಂದಿದೆ, ಸ್ವಾಮಿ. ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕೆಂದು 1988ರಲ್ಲೇ ಬರೆದಿಟ್ಟಿದೆ. ಕಾರು ಎಮ್ಮೆಯ ಬೆನ್ನು ಸವರಿದಂತೆ ಹತ್ತಿ ಇಳಿಯಬೇಕು. ಟೋ ಮಾಡುವವನು ಬರುವ ತನಕ ನಿಮ್ಮದನ್ನು ಗೇಣು ಹಾಕಿ ಅಳೆದೆ. ಎತ್ತರ ಗೇಣಿಗೆ ಎರಡು ಬೆರಳು ಕಮ್ಮಿ, ಅಗಲ ಮೂರೇ ಗೇಣು. ಇದನ್ನು ಹೊಲದಲ್ಲಿ ಬದು ಅನ್ನುತ್ತಾರೆ. ನನ್ನ ಕಾರಿನ ಹೊಟ್ಟೆ ನೆಲದಿಂದ 16 ಸೆಂಟಿಮೀಟರ್, ಅದೂ ಖಾಲಿ ಇದ್ದಾಗ. ಅತ್ತೆಯವರು ಕೂತಾಗ ಎಷ್ಟೆಂದು ಕಂಪನಿಯವರು ಬರೆದಿಲ್ಲ, ನಾನೂ ಬರೆಯುವುದಿಲ್ಲ.

ನಮ್ಮ ಕಡೆಯ ರಸ್ತೆಗಳಲ್ಲಿ ಎರೆ ನೆಲ ಉಬ್ಬಿ ಬಿರಿದು ತಾನೇ ಹಂಪು ಮಾಡಿಕೊಡುತ್ತದೆ, ರಸ್ತೆಯ ಮೇಲೆ ಕಾಳು ಒಣಗಿಸಿದವರು ಸುತ್ತ ಇಟ್ಟ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಅದೆಲ್ಲ ಇರಲಿ. ನಿಮ್ಮ ಹಂಪೂ ಇರಲಿ, ಅಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟುತ್ತವೆ. ಬಣ್ಣ ಯಾಕಿಲ್ಲ? ಊಟದ ಬಣ್ಣಕ್ಕೆ ದೇಶವೆಲ್ಲ ಹೆಸರು ಹೇಳುವ ಊರಿನ ಹಾದಿ ಅದು. ಡಬ್ಬಿ ಮೆಣಸಿನಕಾಯಿಯ ಸೀಮೆಯಲ್ಲಿ ಒಂದು ಡಬ್ಬಿ ಬಿಳಿ ಬಣ್ಣ ಹುಟ್ಟಲಿಲ್ಲವೇ? ನನ್ನದು ಬರೀ ಚೇಂಬರ್ ಹೋಯಿತು. ರಾತ್ರಿ ಬೈಕಿನ ಹಿಂದೆ ಕೂಸು ಎತ್ತಿಕೊಂಡು ಕೂತವಳು ಅಲ್ಲಿ ಬೀಳುತ್ತಾಳೆ. ಅವಳಿಗೆ ಎಲ್ಲಿ ಬಿಗಿಯುತ್ತೀರಿ ತಗಡು? ನೀವು ಆ ಹಾದಿಯಲ್ಲಿ ಓಡಾಡುವುದೇ ಇಲ್ಲವೇನು?

ಹಾವೇರಿಯ ಏಲಕ್ಕಿ ಹಾರ ದೊಡ್ಡವರ ಕೊರಳಿಗೇ ಬೀಳುವಂಥದ್ದು. ಮುಂದಿನ ಸೋಮವಾರ ಒಂದು ತಂದು ನಿಮ್ಮ ಹಂಪಿಗೆ ಹಾಕುತ್ತೇನೆ. ಹಾರ ಕಂಡಾದರೂ ಜನ ಬ್ರೇಕ್ ಹಾಕಲಿ.

ಇಂತಿ,
ಖಾರವಿಲ್ಲದೆ ಮನೆಗೆ ಹೋಗುತ್ತಿರುವವ

ತಾ.ಕ.: ಮೆಕ್ಯಾನಿಕ್ ಕರೆಯುತ್ತಿದ್ದಾನೆ. ಎಣ್ಣೆಯ ರೊಕ್ಕ ಬೇರೆಯಂತೆ. ಕಾರಿನ ಎಣ್ಣೆ, ಮೆಣಸಿನಕಾಯಿಯದಲ್ಲ.